ಕವಿಶಿಷ್ಯ ಪಂಜೆಯವರು: ಹಾಡಿನೊಳಗೆ ಅಡಗಿದ ವಿದ್ವತ್ತು

ಕೇಶಿರಾಜನ ‘ಶಬ್ದಮಣಿದರ್ಪಣ’ ಹಳಗನ್ನಡ ಕಲಿಯಹೊರಟವರೆಲ್ಲರೂ ಒಂದಲ್ಲ ಒಂದು ದಿನ ಎದುರಿಸಲೇಬೇಕಾದ ಗ್ರಂಥ. ಹದಿಮೂರನೆಯ ಶತಮಾನದ ಈ ವ್ಯಾಕರಣವನ್ನು ನಿಷ್ಠೂರಸಂಜಯ್ಯನ ಟೀಕೆಯೊಂದಿಗೆ 1872ರಲ್ಲಿ ಸಂಪಾದಿಸಿದವರು ಮುಂದೆ ನಿಘಂಟಿನಿಂದ ಹೆಸರಾದ ಕಿಟೆಲ್. ಆ ಆವೃತ್ತಿಯನ್ನು ಪರಿಷ್ಕರಿಸಿ 1920ರಲ್ಲಿ ಮಂಗಳೂರಿನಿಂದ ಮತ್ತೆ ಹೊರತಂದವರು ಪಂಜೆ ಮಂಗೇಶರಾಯರು. ‘ನಾಗರ ಹಾವೆ, ಹಾವೊಳು ಹೂವೆ’ ಎಂದು ಹಾವನ್ನು ಹತ್ತಿರ ಕರೆದವರೂ ಅವರೇ. ಈ ಎರಡು ಕೆಲಸಗಳನ್ನು ಒಬ್ಬನೇ ಮನುಷ್ಯ ಮಾಡಿದನೆಂಬುದನ್ನು ನಾವು ಪರಿಚಯ ಲೇಖನಗಳಲ್ಲಿ ಒಂದು ಸಾಲಿನಲ್ಲಿ ಓದಿ ಮುಂದೆ ಹೋಗುತ್ತೇವೆ. ವಿದ್ವಾಂಸರು ಬಿಡುವಿನ ವೇಳೆಯಲ್ಲಿ ಮಕ್ಕಳಿಗಾಗಿಯೂ ಒಂದಿಷ್ಟು ಬರೆದರು ಎಂದುಕೊಂಡು ಸುಮ್ಮನಾಗುತ್ತೇವೆ. ಪಂಜೆಯವರನ್ನು ಮತ್ತೆ ಮತ್ತೆ ಓದಿದಂತೆ ನನಗೆ ಈ ಎಣಿಕೆಯೇ ತಪ್ಪೆನ್ನಿಸುತ್ತ ಬಂದಿದೆ. ಅವರ ಮಕ್ಕಳ ಹಾಡುಗಳು ಅವರ ಪಾಂಡಿತ್ಯ ತನ್ನ ಪೂರ್ಣ ಶಕ್ತಿಯಿಂದ ದುಡಿದ ಜಾಗ ಎಂದೇ ನಾನು ತಿಳಿದಿದ್ದೇನೆ.

ಅವರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ನೇತ್ರಾವತಿಯ ದಂಡೆಯ ಬಂಟ್ವಾಳದಲ್ಲಿ. ಪಂಜೆ ಎಂಬುದು ಮನೆತನದ ಮೂಲ ಊರಿನಿಂದ ಬಂದ ಹೆಸರು. ಆ ಊರು ಇಂದಿನ ಸುಳ್ಯದ ಕಡೆಯ ಪಂಜ. ಸಾರಸ್ವತರ ಮನೆಯಾದ್ದರಿಂದ ಒಳಗೆ ಆಡುವ ಮಾತು ಕೊಂಕಣಿ. ಹೊಸ್ತಿಲು ದಾಟಿದರೆ ತುಳು. ಕನ್ನಡ ಶಾಲೆಯ ಮಾತು, ಯಕ್ಷಗಾನದ ಮಾತು, ಪುರಾಣ ಪ್ರವಚನದ ಮಾತು. ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿದ್ದರಿಂದ ಮೇಲಿನ ಕಚೇರಿಗಳ ಮಾತು ಇಂಗ್ಲಿಷು. ಕರಾವಳಿಯವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಇಂದಿಗೂ ಅಲ್ಲಿನ ಮಕ್ಕಳು ಅಂಗಡಿಯಲ್ಲಿ ಒಂದು ಭಾಷೆ, ಮನೆಯಲ್ಲಿ ಇನ್ನೊಂದು ಭಾಷೆ ಆಡುತ್ತಲೇ ಬೆಳೆಯುತ್ತಾರೆ. ಆದರೆ ಒಬ್ಬ ಬರಹಗಾರನ ಮಟ್ಟಿಗೆ ಇದು ದೊಡ್ಡ ಸಂಗತಿ. ತೊಟ್ಟಿಲಲ್ಲೇ ಕೇಳಿದ ಭಾಷೆಯ ಸದ್ದು ನಮಗೆ ಕೇಳಿಸುವುದೇ ಇಲ್ಲ, ಅರ್ಥ ಮಾತ್ರ ಕೇಳಿಸುತ್ತದೆ. ಶಾಲೆಯ ಮೂಲಕ, ಭಾಗವತರ ಪದದ ಮೂಲಕ ಕನ್ನಡವನ್ನು ಪಡೆದ ಹುಡುಗನಿಗೆ ಅದರ ಒಂದೊಂದು ಅಕ್ಷರದ ನಾದವೂ ಬೇರೆಯಾಗಿ ಕೇಳಿಸಿರಬೇಕು ಎಂದು ನಾನು ಊಹಿಸುತ್ತೇನೆ. ಪಂಜೆಯವರ ಹಾಡುಗಳಲ್ಲಿ ಸದ್ದಿಗೆ ಸಿಕ್ಕುವ ಮರ್ಯಾದೆಯನ್ನು ಕಂಡಾಗ ಈ ಊಹೆ ಬಲವಾಗುತ್ತದೆ.

ಓದು ಮುಗಿಸಿ ಅವರು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಕಲಿಸಿದರು, ಅಧ್ಯಾಪಕ ತರಬೇತಿ ಪಡೆದು ಮುಂದೆ ಶಾಲೆಗಳ ಇನ್‌ಸ್ಪೆಕ್ಟರ್ ಆದರು, ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರೂ ಆದರು. ಬದುಕಿನ ದುಡಿಮೆಯೆಲ್ಲ ಶಾಲೆಯ ಸುತ್ತಲೇ ನಡೆಯಿತು. ಆ ಕಾಲದಲ್ಲಿ ಇನ್‌ಸ್ಪೆಕ್ಟರರು ಬರುತ್ತಾರೆಂದರೆ ಹಳ್ಳಿಯ ಮಾಸ್ತರರಿಗೇ ನಡುಕ ಹುಟ್ಟುತ್ತಿತ್ತು. ಶಾಲೆಗೆ ಬರುವ ಸರ್ಕಾರಿ ಹಣ ಅವರು ಬರೆಯುವ ವರದಿಯನ್ನು ಅವಲಂಬಿಸಿತ್ತು. ಅಂಥ ಹುದ್ದೆಯಲ್ಲಿದ್ದ ಪಂಜೆಯವರು ತರಗತಿಗೆ ಹೋಗಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದರು, ಅಭಿನಯಿಸಿ ಕಥೆ ಹೇಳುತ್ತಿದ್ದರು ಎಂಬುದನ್ನು ಅವರನ್ನು ಬಲ್ಲವರು ಸ್ಮರಿಸಿಕೊಂಡಿದ್ದಾರೆ. ನನಗೆ ಇದು ಅವರ ಸ್ವಭಾವದ ಮಾಧುರ್ಯದ ಮಾತಷ್ಟೇ ಆಗಿ ಕಾಣುವುದಿಲ್ಲ. ಬರೆದದ್ದನ್ನು ಯಾರಿಗಾಗಿ ಬರೆದರೋ ಅವರ ಎದುರಿಗೇ ಹಾಡಿ, ಎಲ್ಲಿ ಮಕ್ಕಳ ಕಣ್ಣು ಅರಳುತ್ತದೆ, ಎಲ್ಲಿ ಗಮನ ಕಿಟಕಿಯಾಚೆಗೆ ಹೋಗುತ್ತದೆ ಎಂದು ಅಲ್ಲಿಂದಲ್ಲಿಗೇ ತಿಳಿಯುವ ಅವಕಾಶ ಎಷ್ಟು ಬರಹಗಾರರಿಗೆ ಸಿಕ್ಕುತ್ತದೆ? ಊರೂರು ತಿರುಗುವ ನೌಕರಿ ಅವರಿಗೆ ಅದನ್ನು ಕೊಟ್ಟಿತು.

ಆಗ ಮಕ್ಕಳ ಕೈಯಲ್ಲಿದ್ದ ಕನ್ನಡವೆಂದರೆ ಹೆಚ್ಚಾಗಿ ನೀತಿಪದ್ಯ, ಹಳೆಗಾವ್ಯಗಳ ಆಯ್ದ ಭಾಗ, ಶಾಲಾ ಪಾಠಗಳು. ಮನೆಯಲ್ಲಿ ಅಜ್ಜಿಯರ ಕಥೆಗಳಿದ್ದವು, ಲಾಲಿಪದಗಳಿದ್ದವು. ಆದರೆ ಅವು ಪುಸ್ತಕದೊಳಗೆ ಬಂದಿರಲಿಲ್ಲ. ಇಂಗ್ಲಿಷ್ ಪಾಠಪುಸ್ತಕದಲ್ಲಿ ಮಕ್ಕಳು ಕುಣಿಯುವ ಪದ್ಯಗಳನ್ನು ಕಾಣುತ್ತಿದ್ದ ಅಧ್ಯಾಪಕರಿಗೆ ಕನ್ನಡದ ಪಾಠ ತೆಗೆದೊಡನೆ ತರಗತಿ ಮಂಕಾಗುವುದು ಅನುಭವಕ್ಕೆ ಬಂದಿರಲೇಬೇಕು. ಪಂಜೆಯವರು ಪಾಠಪುಸ್ತಕಗಳ ಸಂಕಲನಕ್ಕೆ ಕೈಹಾಕಿದ್ದೂ ಅವುಗಳಿಗಾಗಿ ತಾವೇ ಬರೆದದ್ದೂ ಈ ಕೊರತೆಯನ್ನು ಕಂಡೇ. ಹಾಡುಗಳಿಗೆ ಅವರು ‘ಕವಿಶಿಷ್ಯ’ ಎಂದು ಹೆಸರಿಟ್ಟುಕೊಂಡರು. ಗದ್ಯಕ್ಕೆ ‘ಹರಟೆಮಲ್ಲ’, ‘ರಾ.ಮ.ಪಂ.’ ಎಂಬ ಹೆಸರುಗಳೂ ಇದ್ದವು. ಮಕ್ಕಳಿಗೆ ಹಾಡು ಕಲಿಸುವವನು ತನ್ನನ್ನು ಶಿಷ್ಯನೆಂದು ಕರೆದುಕೊಂಡದ್ದು ನನಗೆ ತುಂಬ ಪ್ರಿಯವಾದ ಸಂಗತಿ.

ಈಗ ಆ ನಾಗರಹಾವಿನ ಹಾಡನ್ನೇ ನಿಧಾನವಾಗಿ ನೋಡೋಣ, ಏಕೆಂದರೆ ಹೇಳಬೇಕಾದ್ದೆಲ್ಲ ಅದರಲ್ಲಿ ಇದೆ. ನಾಲ್ಕು ನುಡಿಗಳ ಸಣ್ಣ ಹಾಡು. ಒಂದೊಂದು ನುಡಿಯೂ ಒಂದೊಂದು ಅಕ್ಷರದ ಕರೆಯಲ್ಲಿ ಮುಗಿಯುತ್ತದೆ: ಮೊದಲು ‘ಬಾ ಬಾ’, ಆಮೇಲೆ ‘ನೀ ನೀ’, ಅನಂತರ ‘ತಾ ತಾ’, ಕೊನೆಗೆ ‘ಪೋ ಪೋ’. ಇಷ್ಟರಲ್ಲೇ ಒಂದು ನಾಟಕ ನಡೆದುಹೋಗುತ್ತದೆ. ಮಗು ಹಾವನ್ನು ಕರೆಯುತ್ತದೆ, ಕೈಮುಗಿಯುತ್ತದೆ, ಹಾಲು ಕೊಡುತ್ತೇನೆನ್ನುತ್ತದೆ. ಹೆಡೆ ಬಿಚ್ಚಿ ತೂಗು, ನಾನು ಕೊಳಲೂದುತ್ತೇನೆ ಎನ್ನುತ್ತದೆ. ನಿನ್ನ ತಲೆಯಲ್ಲಿ ರನ್ನವಿರುವುದು ನಿಜವೇ ಎಂದು ಕೇಳಿ, ಬಡವನಿಗೆ ಕೊಪ್ಪರಿಗೆ ಚಿನ್ನ ತಂದುಕೊಡು ಎಂದು ಬೇಡುತ್ತದೆ. ಕೊನೆಯ ನುಡಿಯಲ್ಲಿ ಮೈ ತಣ್ಣಗಿದ್ದರೂ ಮನಸ್ಸಿನಲ್ಲಿ ಬಿಸಿಹಗೆ ಇರುವ ಪ್ರಾಣಿ ಇದು ಎಂಬ ಅರಿವು ಮೂಡುತ್ತದೆ. ನಮಸ್ಕಾರ ಮಾಡಿ, ಹೊರಟುಹೋಗು ಎನ್ನುತ್ತದೆ. ಮನೆಮನೆಗೂ ನಾಗಬನವಿರುವ, ನಾಗರಪಂಚಮಿಯಂದು ನಾಗನಿಗೆ ತನು (ಹಾಲು, ಎಳನೀರು) ಎರೆಯುವ, ಅದೇ ಹೊತ್ತಿಗೆ ಗದ್ದೆಯ ಅಂಚಿನಲ್ಲಿ ಕಾಲಿಡುವಾಗ ಎಚ್ಚರದಿಂದಿರಬೇಕಾದ ನಾಡಿನ ಮಗುವಿಗೆ ಹಾವಿನ ಬಗೆಗೆ ಇರುವ ಭಾವ ಸರಿಯಾಗಿ ಇದೇ: ಬೆರಗು, ಭಕ್ತಿ, ಆಸೆ, ಅಂಜಿಕೆ. ಹಾವು ಕೆಟ್ಟದ್ದು, ಹತ್ತಿರ ಹೋಗಬೇಡ ಎಂಬ ಬುದ್ಧಿವಾದವೂ ಇಲ್ಲಿಲ್ಲ. ಹಾವು ನಿನ್ನ ಗೆಳೆಯ ಎಂಬ ಸುಳ್ಳು ಸಮಾಧಾನವೂ ಇಲ್ಲ.

ಇನ್ನು ಈ ಹಾಡಿನ ಕಟ್ಟಡ. ಮೊದಲ ನುಡಿಯ ಸಾಲುಗಳು ಹೇಗೆ ಆರಂಭವಾಗುತ್ತವೆ ನೋಡಿ: ‘ನಾಗರ’, ‘ಬಾಗಿಲ’, ‘ಕೈಗಳ’. ಎರಡನೆಯ ಅಕ್ಷರ ಎಲ್ಲ ಕಡೆಯೂ ಗಕಾರ. ಎರಡನೆಯ ನುಡಿಯಲ್ಲಿ ‘ಹಳದಿಯ’, ‘ಹೊಳಹಿನ’, ‘ಕೊಳಲ’, ಅಲ್ಲಿ ಳಕಾರ. ಮೂರನೆಯದರಲ್ಲಿ ‘ಎಲೆ’, ‘ತಲೆ’, ‘ಬಲು’, ಅಲ್ಲಿ ಲಕಾರ. ನಾಲ್ಕನೆಯದರಲ್ಲಿ ‘ಬರಿಮೈ’, ‘ಎರಗುವೆ’ ಎಂದು ರಕಾರ. ಪಂಪ ರನ್ನರಿಂದ ಹಿಡಿದು ಕನ್ನಡ ಕಾವ್ಯ ಕಡ್ಡಾಯವೆಂಬಂತೆ ಪಾಲಿಸಿಕೊಂಡು ಬಂದ ಆದಿಪ್ರಾಸ ಇದು. ಅದರ ಮೇಲೆ ಸಾಲಿನ ಕೊನೆಯಲ್ಲಿ ‘ಹೂವೆ’, ‘ಠಾವೆ’, ‘ಈವೆ’ ಎಂದು ಅಂತ್ಯಪ್ರಾಸವೂ ಇದೆ. ನಾಲ್ಕು ಮಾತ್ರೆಯ ಗಣಗಳು ಒಂದರ ಹಿಂದೊಂದು ತಪ್ಪದೆ ಹೆಜ್ಜೆ ಹಾಕುತ್ತವೆ. ಸಾಲಿನ ಎರಡೂ ತುದಿಗಳನ್ನು ಹೀಗೆ ಬಿಗಿದು ಕಟ್ಟಿದ ಹಾಡು ಮಗುವಿನ ಬಾಯಲ್ಲಿ ಎಲ್ಲೂ ಎಡವುವುದಿಲ್ಲ. ಚಿಕ್ಕ ಮಕ್ಕಳಿಗೆ ಇದನ್ನು ಹೇಳಿಕೊಡುವಾಗ ನಾನು ಗಮನಿಸಿದ್ದೇನೆ: ಸಾಲು ಮರೆತ ಮಗು ಅರ್ಥವನ್ನು ಹುಡುಕುವುದಿಲ್ಲ, ಆರಂಭದ ಸದ್ದನ್ನು ಹುಡುಕುತ್ತದೆ, ‘ಹಳ’ ಎಂಬುದು ಸಿಕ್ಕಿದರೆ ‘ಹೊಳ’ ತಾನಾಗಿ ಬರುತ್ತದೆ. ಕೇಶಿರಾಜನ ಸೂತ್ರಗಳ ನಡುವೆ ವರ್ಷಗಟ್ಟಲೆ ಓಡಾಡಿದ ಕಿವಿಯಿಂದ ಮಾತ್ರ ಇಂಥದ್ದು ಸಾಧ್ಯ, ಮತ್ತು ಆ ಓಡಾಟದ ಗುರುತು ಮಗುವಿಗೆ ಗೊತ್ತಾಗದಂತೆ ಅಡಗಿಸುವುದಕ್ಕೆ ಅದಕ್ಕಿಂತಲೂ ಹೆಚ್ಚಿನ ಸಂಯಮ ಬೇಕು.

ಇಲ್ಲಿ ಒಂದು ಇತಿಹಾಸದ ಮಾತು ನೆನಪಾಗುತ್ತದೆ. ಮಂಗಳೂರಿನಲ್ಲಿ ಪಂಜೆಯವರ ಬಳಿ ಓದಿದವರಲ್ಲಿ ಎಂ. ಗೋವಿಂದ ಪೈಯವರೂ ಒಬ್ಬರು. ಹೊಸಗನ್ನಡ ಕವಿತೆಯಲ್ಲಿ ಆದಿಪ್ರಾಸವನ್ನು ಬಿಟ್ಟು ಬರೆಯುವ ಧೈರ್ಯ ಮಾಡಿ, 1911ರ ಸುಮಾರಿಗೆ ದೊಡ್ಡ ಚರ್ಚೆಯನ್ನೇ ಎಬ್ಬಿಸಿದವರು ಇದೇ ಪೈಗಳು. ಗಂಭೀರ ವಿಚಾರವನ್ನು ಹೇಳಹೊರಟ ಕವಿಗೆ ಪ್ರಾಸ ಕಾಲ್ತೊಡಕಾಗಿತ್ತು. ಅವರು ಅದನ್ನು ಬಿಟ್ಟದ್ದು ಸರಿಯೇ. ಮುಂದಿನ ಕವಿಗಳು ಅದೇ ದಾರಿಯಲ್ಲಿ ನಡೆದರು. ಶಿಷ್ಯನು ಬಿಟ್ಟದ್ದನ್ನು ಗುರು ಮಕ್ಕಳ ಹಾಡಿನಲ್ಲಿ ಉಳಿಸಿಕೊಂಡರು. ದೊಡ್ಡವರ ಕಾವ್ಯದಲ್ಲಿ ಸವೆದು ಯಾಂತ್ರಿಕವಾಗಿದ್ದ ಒಂದು ಕಟ್ಟುಪಾಡು ಮಕ್ಕಳ ಕೈಯಲ್ಲಿ ಮತ್ತೆ ಆಟವಾಯಿತು. ಪ್ರಾಸದ ಇತಿಹಾಸ ಬರೆಯುವವರು ಈ ಎರಡನೆಯ ಅಧ್ಯಾಯವನ್ನು ಇನ್ನಷ್ಟು ಗಮನಕ್ಕೆ ತಂದುಕೊಳ್ಳಬೇಕೆಂದು ನನ್ನ ಅಪೇಕ್ಷೆ.

‘ತೆಂಕಣ ಗಾಳಿಯಾಟ’ದಲ್ಲಿ ಇದೇ ಶಕ್ತಿ ಇನ್ನೊಂದು ಬಗೆಯಲ್ಲಿ ಕಾಣುತ್ತದೆ. ಗಾಳಿ ಇನ್ನೂ ಬಂದಿಲ್ಲ. ಬರುತ್ತಿದೆ, ಇದೋ ಬರುತ್ತಿದೆ, ಅದೋ ಬರುತ್ತಿದೆ ಎಂಬ ಕೂಗಿನಿಂದಲೇ ಹಾಡು ಆರಂಭವಾಗುತ್ತದೆ. ಪಾತಾಳದ ಹಾವು ಬುಸುಗುಟ್ಟುತ್ತಿದೆಯೋ, ಹಸಿದ ಭೂತ ಕೂಗುತ್ತಿದೆಯೋ, ಯಮನ ಕೋಣ ಓಗೊಡುತ್ತಿದೆಯೋ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ‘ಬುಸು’, ‘ಹಸಿ’, ‘ಹೊಸ’, ‘ಉಸು’ ಎಂದು ಸಾಲು ಸಾಲಿಗೂ ಸಕಾರವೇ ಬರುವುದರಿಂದ ಗಾಳಿಯ ಸುಯ್ಲು ಮಾತಿನೊಳಗೇ ಬೀಸುತ್ತದೆ. ಕಡಲ ತೀರದಲ್ಲಿ ಮಳೆಗಾಲದ ಗಾಳಿ ತೆಂಗಿನ ತಲೆಗಳನ್ನು ಹಿಡಿದು ಅಲ್ಲಾಡಿಸುವುದನ್ನು ಕಂಡವರಿಗೆ ಇದರಲ್ಲಿ ಉತ್ಪ್ರೇಕ್ಷೆ ಕಾಣದು. ಭೂತ, ಯಮ, ಪಾತಾಳ ಇವೆಲ್ಲ ಮಕ್ಕಳ ಪದ್ಯದಲ್ಲಿ ಬರಬಾರದೆಂದು ಈಗಿನ ಎಷ್ಟೋ ಸಂಪಾದಕರು ಹೇಳುತ್ತಾರೆ. ಪಂಜೆಯವರು ಮಕ್ಕಳ ಧೈರ್ಯವನ್ನು ನಂಬಿದ್ದರು. ಹೆದರಿಕೆಯನ್ನು ತಾಳಕ್ಕೆ ಕೂರಿಸಿ ಕೊಟ್ಟರೆ ಮಗು ಅದನ್ನು ಕೂಗಿ ಹೇಳಿ ಸಂತೋಷಪಡುತ್ತದೆ ಎಂಬುದು ಅವರಿಗೆ ತಿಳಿದಿತ್ತು.

‘ಉದಯರಾಗ’ದಲ್ಲಿ ರವಿ ಸುಮ್ಮನೆ ಮೂಡುವುದಿಲ್ಲ, ಕತ್ತಲೊಡನೆ ಜಗಳಾಡುತ್ತಾನೆ; ಮೂಡಣದ ರಂಗಸ್ಥಳದಲ್ಲಿ ನೆತ್ತರು ಹರಿಸಿ ಕುಣಿಯುತ್ತಾನೆ. ರಾತ್ರಿಯಿಡೀ ನಡೆದ ಯಕ್ಷಗಾನದ ಕಾಳಗ ಬೆಳಗಿನ ಜಾವಕ್ಕೆ ಮುಗಿಯುವ ಹೊತ್ತಿನಲ್ಲಿ ಗದ್ದೆಯ ಬಯಲಿನಲ್ಲಿ ಕುಳಿತು ಕಣ್ಣುಜ್ಜಿಕೊಂಡವರಿಗೆ ಈ ಚಿತ್ರ ಎಲ್ಲಿಂದ ಬಂತೆಂದು ಹೇಳಬೇಕಾಗಿಲ್ಲ. ಅದರ ಕೊನೆಯ ನುಡಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು. ಮೇಲೇರಿದ ಸೂರ್ಯ ಬಾನಿನಲ್ಲಿ ಸಣ್ಣಗೆ ಕಾಣುತ್ತಾನೆ. ಏರಿದವನು ಚಿಕ್ಕವನಾಗಿರಬೇಕು ಎಂಬ ಮಾತನ್ನು ಸಾರುತ್ತಾನೆ. ನೀತಿ ಇದೆ, ನಿಜ. ಆದರೆ ಅದು ಮೇಷ್ಟರ ಬಾಯಿಂದ ಬಂದದ್ದಲ್ಲ. ಹುಟ್ಟುವಾಗ ದೊಡ್ಡದಾಗಿ ಕಂಡ ಸೂರ್ಯ ನೆತ್ತಿಗೆ ಬಂದಾಗ ಚಿಕ್ಕದಾಗಿ ಕಾಣುವುದನ್ನು ಮಗು ತಾನೇ ಕಣ್ಣಾರೆ ಕಂಡಿರುತ್ತದೆ. ಕಂಡದ್ದರಿಂದಲೇ ಮಾತು ಹುಟ್ಟಿದೆ. ಹೀಗೆ ನೀತಿಯನ್ನು ಗಳಿಸಿಕೊಂಡ ಮಕ್ಕಳ ಪದ್ಯಗಳು ನಮ್ಮಲ್ಲಿ ಹೆಚ್ಚಿಲ್ಲ.

ಕಥೆಗಳ ವಿಷಯಕ್ಕೆ ಬಂದರೆ ಶೀರ್ಷಿಕೆಗಳೇ ಅರ್ಧ ಕೆಲಸ ಮಾಡಿಬಿಡುತ್ತವೆ. ‘ಹೇನು ಸತ್ತು ಕಾಗೆ ಬಡವಾಯಿತು’, ‘ಸಿಗಡಿ ಯಾಕೆ ಒಣಗಲಿಲ್ಲ?’, ‘ಇಲಿಗಳ ಥಕಥೈ’, ‘ಗುಡುಗುಡು ಗುಮ್ಮಟದೇವರು’, ‘ಮೆಣಸಿನಕಾಳಪ್ಪ’. ಹೇನು ಸತ್ತರೆ ಕಾಗೆ ಏಕೆ ಬಡವಾಗಬೇಕು ಎಂದು ಕೇಳದೆ ಇರುವ ಮಗು ಎಲ್ಲಿದೆ? ಸಿಗಡಿಯ ಕಥೆ ಸರಪಳಿಯ ಹಾಗೆ ಒಂದು ಪ್ರಶ್ನೆಯಿಂದ ಇನ್ನೊಂದಕ್ಕೆ ಕೊಂಡಿ ಹಾಕಿಕೊಂಡು ಹೋಗುತ್ತದೆ. ಒಬ್ಬರು ಇನ್ನೊಬ್ಬರ ಮೇಲೆ ತಪ್ಪು ಹೊರಿಸುತ್ತಾರೆ, ಕೇಳುವವನು ಬಿಡದೆ ಮುಂದಿನವನ ಬಳಿಗೆ ನಡೆಯುತ್ತಾನೆ. ಇದು ಅಜ್ಜಿಯರ ಬಾಯಲ್ಲಿದ್ದ ಮಾದರಿ, ನಮ್ಮ ದೇಶದ ಬೇರೆ ಭಾಷೆಗಳಲ್ಲಿಯೂ ಇದರ ಬಂಧುಗಳಿವೆ. ಪಂಜೆಯವರು ಅದಕ್ಕೆ ಕರಾವಳಿಯ ಸಿಗಡಿಯನ್ನೇ ಉಳಿಸಿದರು. ಮೀನಿನ ವಾಸನೆ ಪಾಠಪುಸ್ತಕದ ಮಡಿಗೆ ಒಗ್ಗದು ಎಂದು ಅವರು ಹಿಂಜರಿಯಲಿಲ್ಲ. ಇಂಗ್ಲಿಷಿನಿಂದ ತಂದ ಕಥೆಗಳೂ ಇವೆ. ‘ಮೂರು ಕರಡಿಗಳು’ ಅಂಥದ್ದು. ಹೊರಗಿನಿಂದ ಬಂದ ಕಥೆಯನ್ನು ಅವರು ಹೇಳಿದಾಗ ಮಾತಿನ ಓಟ ಮಾತ್ರ ಪೂರ್ತಿ ಇಲ್ಲಿಯದೇ ಆಗಿರುತ್ತದೆ.

‘ಕೋಟಿ ಚೆನ್ನಯ’ದ ಮಾತು ಬೇರೆ. ತುಳುನಾಡಿನ ಪಾಡ್ದನಗಳೆಂಬ ಜನಪದ ಕಥನಗೀತೆಗಳಲ್ಲಿ ತಲೆಮಾರುಗಳಿಂದ ಹಾಡಿಕೊಂಡು ಬಂದ, ಗರಡಿಗಳೆಂಬ ತಮ್ಮ ಗುಡಿಗಳಲ್ಲಿ ಇಂದಿಗೂ ಆರಾಧನೆ ಪಡೆಯುವ ಅವಳಿ ವೀರರ ಕಥೆಯನ್ನು ಪಂಜೆಯವರು ಕನ್ನಡ ಗದ್ಯಕ್ಕೆ ತಂದರು. ದೇಯಿ ಬೈದೆತಿಯ ಮಕ್ಕಳು ಪಡುಮಲೆಯಲ್ಲಿ ಹುಟ್ಟಿ ಬೆಳೆದು, ಅಲ್ಲಿನ ಅರಸ ಬಲ್ಲಾಳನ ಅನ್ಯಾಯವನ್ನು ಎದುರಿಸಿ ಊರು ಬಿಟ್ಟು, ಪಂಜಕ್ಕೆ ಬಂದು, ಅಲ್ಲಿಂದ ಎಣ್ಮೂರಿಗೆ ಹೋಗಿ ಯುದ್ಧದಲ್ಲಿ ಮಡಿಯುವ ಕಥೆ ಅದು. ಪಂಜ ಎಂಬ ಹೆಸರು ಓದುಗರಿಗೆ ಹೊಳೆದಿರಬಹುದು: ಪಂಜೆಯವರ ಮನೆತನಕ್ಕೆ ಹೆಸರು ಕೊಟ್ಟ ನೆಲವೇ ಆ ಪಾಡ್ದನದ ನೆಲ. ಕೊಂಕಣಿ ಮನೆಮಾತಿನ ಬ್ರಾಹ್ಮಣ ಅಧಿಕಾರಿಯೊಬ್ಬರು ಬಿಲ್ಲವ ವೀರರ ತುಳು ಕಾವ್ಯವನ್ನು ಕನ್ನಡ ಓದುವ ಮಕ್ಕಳ ಮುಂದೆ, ತಮ್ಮ ಮೇಲ್ಮಟ್ಟದ ಗದ್ಯದಲ್ಲಿ, ಗೌರವದಿಂದ ಇಟ್ಟದ್ದು ಆ ಕಾಲಕ್ಕೆ ಸಣ್ಣ ಸಂಗತಿಯಾಗಿರಲಿಲ್ಲ. ತುಳು ಬಾರದ ಕನ್ನಡಿಗರಲ್ಲಿ ಅನೇಕರು ಕೋಟಿ ಚೆನ್ನಯರನ್ನು ಮೊದಲು ಬಲ್ಲದ್ದು ಈ ಪುಸ್ತಕದಿಂದಲೇ.

ಕೊಡಗಿನಲ್ಲಿದ್ದಾಗ ಬರೆದ ‘ಹುತ್ತರಿ ಹಾಡು’ ಇದಕ್ಕೆ ಜೊತೆಯಾಗಿ ನಿಲ್ಲುತ್ತದೆ. ಕೊಡಗು ಆಗ ಚೀಫ್ ಕಮಿಷನರರ ಆಡಳಿತದ ಪ್ರತ್ಯೇಕ ಪ್ರಾಂತ. ಮನೆಮಾತು ಕೊಡವ ತಕ್ಕ್. ಹೊಸ ಭತ್ತದ ಕದಿರನ್ನು ತಂದು ‘ಪೊಲಿ ಪೊಲಿ ದೇವಾ’ ಎಂದು ಕೂಗುವ ಹುತ್ತರಿ ಎಂಬ ಸುಗ್ಗಿಹಬ್ಬದ ನಾಡಿಗೆ ಹೊರಗಿನಿಂದ ಬಂದ ಹೆಡ್‌ಮಾಸ್ತರರು, ಭೂರಮೆ ದೇವಸನ್ನಿಧಿಯನ್ನು ಬಯಸಿ ಎಲ್ಲಿ ಬಂದಳು ಎಂದು ಕೇಳುತ್ತಾ ಕೇಳುತ್ತಾ, ‘ಅಲ್ಲೆ ಕೊಡವರ ನಾಡಲಾ’ ಎಂದು ಬೆರಳು ತೋರಿಸುತ್ತಾರೆ. ಕೊಡಗಿನವರು ಈ ಹಾಡನ್ನು ತಮ್ಮದೆಂದೇ ಹಾಡಿಕೊಂಡು ಬಂದಿದ್ದಾರೆ. ಬಂದ ಊರಿಗೆ ಅಧಿಕಾರಿಯೊಬ್ಬ ಹೀಗೆ ಒಂದು ಹಾಡನ್ನು ಬಿಟ್ಟುಹೋದ ಇನ್ನೊಂದು ಉದಾಹರಣೆ ನನಗೆ ನೆನಪಿಗೆ ಬರುತ್ತಿಲ್ಲ.

ದೊಡ್ಡವರಿಗಾಗಿ ಬರೆದದ್ದರಲ್ಲಿ ಒಂದನ್ನಾದರೂ ಹೇಳಬೇಕು. ಮಂಗಳೂರಿನಿಂದ 1900ರಲ್ಲಿ ಹೊರಟ ‘ಸುವಾಸಿನಿ’ ಪತ್ರಿಕೆಯಲ್ಲಿ ಅವರು ‘ನನ್ನ ಚಿಕ್ಕತಾಯಿ’ ಮೊದಲಾದ ಕಥೆಗಳನ್ನು ಪ್ರಕಟಿಸಿದರು. ಮಾಸ್ತಿಯವರು ಸಣ್ಣಕತೆ ಬರೆಯಲು ತೊಡಗುವುದಕ್ಕೆ ಸುಮಾರು ಹತ್ತು ವರ್ಷ ಮೊದಲಿನ ಮಾತಿದು. ನಗುವೇ ಮುಂದಾಗಿರುವ, ಮನೆಯೊಳಗಿನ ಮಾತುಕತೆಯಿಂದ ಬೆಳೆಯುವ ಈ ಕಥೆಗಳು ಹೊಸಗನ್ನಡ ಕಥೆಯ ಚರಿತ್ರೆಯಲ್ಲಿ ಮೊದಲ ಪುಟಕ್ಕೆ ಸೇರಿದವು. ಅವರ ಐತಿಹಾಸಿಕ ಕಥನಗಳು ಮಾತ್ರ ಇಂದು ನನ್ನನ್ನು ಅಷ್ಟಾಗಿ ಹಿಡಿದಿಡುವುದಿಲ್ಲ. ಅಲ್ಲಿನ ವಾಕ್ಯಗಳು ಅಲಂಕಾರದ ಭಾರದಿಂದ ನಿಧಾನವಾಗುತ್ತವೆ. ಮಕ್ಕಳ ಎದುರು ನಿಂತಾಗ ಇದ್ದ ಹಗುರತನ ಅಲ್ಲಿ ಕಾಣುವುದಿಲ್ಲ. ಮಕ್ಕಳು ಅವರ ಬರಹವನ್ನು ತಿದ್ದಿದರು ಎಂದು ನಾನು ಹೇಳುವುದು ಇದನ್ನು ಕಂಡೇ.

ಮಕ್ಕಳ ಪುಸ್ತಕಗಳು ಒಬ್ಬರಿಂದ ಆಗುವ ಕೆಲಸವಲ್ಲವೆಂದು ತಿಳಿದು ಅವರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು. ಬೇರೆಯವರಿಂದಲೂ ಬರೆಯಿಸುವುದು, ಚಿಕ್ಕ ಪುಸ್ತಕಗಳನ್ನು ಮಕ್ಕಳ ಕೈಗೆ ತಲಪಿಸುವುದು ಅದರ ಉದ್ದೇಶವಾಗಿತ್ತು. 1934ರಲ್ಲಿ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಬಂತು. ಅದು ನಿಜಾಮರ ಸಂಸ್ಥಾನದ ಊರು. ಮದರಾಸು ಪ್ರಾಂತದ ಒಬ್ಬ ಕನ್ನಡಿಗ ಅಲ್ಲಿ ಅಧ್ಯಕ್ಷನಾಗಿ ಕುಳಿತದ್ದು, ಹರಿದು ಹಂಚಿಹೋಗಿದ್ದ ಕನ್ನಡನಾಡಿನ ಆ ದಿನಗಳಲ್ಲಿ, ತನ್ನದೇ ಮಹತ್ವವುಳ್ಳದ್ದು. 1936ರಲ್ಲಿ ಅದೇ ಜಿಲ್ಲೆಯ ಶಿವರಾಮ ಕಾರಂತರ ‘ಬಾಲಪ್ರಪಂಚ’ ಮೂರು ಸಂಪುಟಗಳಲ್ಲಿ ಹೊರಬಂತು. ಮಕ್ಕಳಿಗೆ ಬರೆಯುವುದು ಕನ್ನಡದಲ್ಲಿ ಗೌರವದ ಕೆಲಸವಾಗಿ ನೆಲೆಗೊಂಡಿತ್ತು. ಮರುವರ್ಷ, 1937ರ ಅಕ್ಟೋಬರಿನಲ್ಲಿ, ಪಂಜೆಯವರು ಹೈದರಾಬಾದಿನಲ್ಲಿ ತೀರಿಕೊಂಡರು.

ಅವರ ಬರಹಗಳು ಸಂಪುಟಗಳಾಗಿ ಬಂದದ್ದು ಬಹಳ ತಡವಾಗಿ. ಇಂದು ಅವರ ಹಾಡುಗಳು ಮಕ್ಕಳಿಗೆ ದೊರೆಯುವುದು ಬಹುಪಾಲು ಮೊಬೈಲ್ ಪರದೆಯ ಮೇಲೆ, ಬಣ್ಣದ ಕಾರ್ಟೂನುಗಳ ಜೊತೆಗೆ. ಅದರಿಂದ ಹಾಡು ಬಹಳ ದೂರ ಹೋಗಿದೆ. ಕನ್ನಡವನ್ನು ವಾರಕ್ಕೊಮ್ಮೆ ಮಾತ್ರ ಕಲಿಯುವ ಹೊರದೇಶದ ಮಕ್ಕಳ ಬಾಯಲ್ಲಿಯೂ ನಾಗರಹಾವು ಹೆಡೆ ತೂಗುತ್ತದೆ, ನನಗೆ ಅದು ಸಂತೋಷದ ಮಾತೇ. ಆದರೆ ಅಲ್ಲಿ ಕವಿಯ ಹೆಸರಿರುವುದು ಅಪರೂಪ, ಎಷ್ಟೋ ಕಡೆ ನಾಲ್ಕನೆಯ ನುಡಿಯನ್ನು ಬಿಟ್ಟೇ ಹಾಡುತ್ತಾರೆ, ಆದಿಪ್ರಾಸ ಕೆಡುವಂತೆ ಪದಗಳನ್ನು ಬದಲಿಸುವುದೂ ಉಂಟು. ‘ಪೋ ಪೋ’ ಇಲ್ಲದ ಹಾಡಿನಲ್ಲಿ ಹಾವು ಬರುತ್ತದೆ, ಹೋಗುವುದೇ ಇಲ್ಲ. ಮಗುವಿನ ಅಂಜಿಕೆಗೆ ಅಲ್ಲಿ ಜಾಗವೇ ಸಿಕ್ಕುವುದಿಲ್ಲ. ಪಂಜೆಯವರ ಮಕ್ಕಳ ಹಾಡು ಮತ್ತು ಕಥೆಗಳಷ್ಟನ್ನೇ ಆರಿಸಿ, ಮೂಲಪಾಠವನ್ನು ಹೋಲಿಸಿ ನೋಡಿ, ದೊಡ್ಡ ಅಕ್ಷರದಲ್ಲಿ, ಕರಾವಳಿಯನ್ನು ಬಲ್ಲ ಚಿತ್ರಕಾರರ ಕೈಯಿಂದ ಚಿತ್ರ ಬರೆಯಿಸಿ ಒಂದು ಪುಸ್ತಕ ಮಾಡಬೇಕು. ಶಾಲೆಯ ಮಾಸ್ತರರಿಗಾಗಿ ಮಟ್ಟುಗಳನ್ನು ಗುರುತಿಸಿಕೊಡಬೇಕು. ಕೇಶಿರಾಜನ ಗ್ರಂಥಕ್ಕೆ 1920ರಲ್ಲಿ ಅವರು ಸಲ್ಲಿಸಿದ ಸಂಪಾದನೆಯ ಶ್ರದ್ಧೆ ಅವರ ಹಾಡುಗಳಿಗೂ ಸಲ್ಲಬೇಕು. ಅಂಥ ಕೆಲಸಕ್ಕೆ ಯಾರಾದರೂ ಮುಂದೆ ಬಂದರೆ ಹಳೆಯ ಪಾಠಪುಸ್ತಕಗಳನ್ನು ಹುಡುಕಿ ಪಾಠ ಹೋಲಿಸುವ ಕೆಲಸದಲ್ಲಿ ನಾನೂ ಜೊತೆಗೆ ಕುಳಿತುಕೊಳ್ಳುತ್ತೇನೆ.